ಮಲಗುವ ಮೊದಲು ಹೇಳುವ ಆ ಒಂದು ವಚನ

ನಮ್ಮದು ಮಂಗಳೂರು, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಪಾದ್ರಿಗಳ ಕಾಲದಿಂದ ಬಂದ ಕ್ರೈಸ್ತ ಕುಟುಂಬ. ಸಂಡೆ ಸ್ಕೂಲು, ಕ್ವಾಯರು, ಪ್ರಾರ್ಥನೆ ಕೂಟ ಎಲ್ಲಾ ಚಿಕ್ಕಂದಿನಿಂದ ಉಂಟು, ಪುನರುತ್ಥಾನದ ಹಾಡು ಎಷ್ಟು ಸಲ ಹಾಡಿದ್ದೇನೋ ಲೆಕ್ಕ ಇಲ್ಲ. ಆದ್ರೆ ಹೋದ ವರ್ಷ ಡಾಕ್ಟ್ರು ನಿಮ್ಮ ಕ್ಯಾನ್ಸರ್ ಲಿವರಿಗೂ ಹೋಗಿದೆ, ಇನ್ನು ಗುಣ ಮಾಡ್ಲಿಕ್ಕೆ ಆಗೋದಿಲ್ಲ, ಸ್ವಲ್ಪ ದಿನ ಮುಂದೆ ಹಾಕ್ಬಹುದು ಅಷ್ಟೇ ಅಂದಾಗ ಒಂದು ಹಾಡೂ ನೆನಪಿಗೆ ಬರ್ಲಿಲ್ಲ. ಹಗಲು ಹೇಗೋ ಕಳೀತದೆ, ಜನ ಬರ್ತಾರೆ, ಗಂಜಿ ಚಟ್ನಿ ಅಂತ ಆಗ್ತದೆ, ರಾತ್ರಿ ಎರಡು ಗಂಟೆಗೆ ಎಚ್ಚರ ಆದ್ರೆ ಮಾತ್ರ ಎದೆ ಮೇಲೆ ಕಡೆಯುವ ಕಲ್ಲು ಇಟ್ಟ ಹಾಗೆ.

ನೋಡ್ಲಿಕ್ಕೆ ಬಂದ ಒಬ್ರು ನಿಮಗೆ ನಂಬಿಕೆ ಕಮ್ಮಿ, ಇಲ್ಲಾಂದ್ರೆ ಇಷ್ಟ್ರಲ್ಲಿ ವಾಸಿ ಆಗ್ಬೇಕಿತ್ತು ಅಂದ್ರು. ಕಾಯಿಲೆಗಿಂತ ಅದು ಜಾಸ್ತಿ ನೋಯಿಸ್ತು. ಎರಡು ವಾರ ಸತ್ಯವೇದ, ಅಂದ್ರೆ ಬೈಬಲ್, ಮುಟ್ಲಿಲ್ಲ ನಾನು.

ಮತ್ತೆ ತೆರೆಸಿದ್ದು ನಮ್ಮ ಸಭೆಯ ಅಯ್ಯನವರು, ಅಂದ್ರೆ ಪಾದ್ರಿಗಳು. ಧೈರ್ಯ ಗೈರ್ಯ ಹೇಳ್ಲಿಲ್ಲ, ಸುಮ್ನೆ ಸತ್ಯವೇದದ ಕೀರ್ತನೆಗಳ ಪುಸ್ತಕದಿಂದ 88ನೇ ಕೀರ್ತನೆ ಓದಿದ್ರು. ಆ ಕೀರ್ತನೆ ಕೊನೆಗೆ ಸ್ತೋತ್ರ ಎಂತ ಇಲ್ಲ, ಕತ್ತಲೆಯಲ್ಲೇ ಮುಗೀತದೆ. ಇದೂ ದೇವರ ವಾಕ್ಯದ ಒಳಗೇ ಉಂಟಲ್ಲ ಅಂತ ಅತ್ತುಬಿಟ್ಟೆ. ಆಮೇಲೆ ಶಿಲುಬೆಗೆ ಹಾಕುವ ಹಿಂದಿನ ರಾತ್ರಿಯ ಗೆತ್ಸೇಮನೆ ತೋಟದ ಭಾಗ ಓದಿದೆ. ಯೇಸುಸ್ವಾಮಿ ಶಿಷ್ಯರ ಹತ್ರ ನನ್ನ ಜೊತೆ ಎಚ್ಚರ ಇರಿ ಅಂತ ಕೇಳಿಕೊಂಡದ್ದು, ಈ ಪಾತ್ರೆ, ಅಂದ್ರೆ ಮುಂದೆ ಬರುವ ಆ ನೋವು, ನನ್ನನ್ನ ಬಿಟ್ಟು ಹೋಗ್ಲಿ ಅಂತ ಬೇಡಿದ್ದು. ಅವರಿಗೇ ಜೊತೆಗೆ ಜನ ಬೇಕಾಗಿತ್ತು ಅಂದ್ಮೇಲೆ ನನ್ನ ಹೆದರಿಕೆ ಅಪನಂಬಿಕೆ ಹೇಗಾಗ್ತದೆ? ಅವತ್ತಿಂದ ಎಚ್ಚರ ಆದ್ರೆ ನಾಚಿಕೆ ಬಿಟ್ಟು ಗಂಡನನ್ನ ಏಳಿಸ್ತೇನೆ, ಮಾತು ಬೇಡ, ಕೈ ಹಿಡ್ಕೊಂಡು ಕೂತ್ರೆ ಸಾಕು.

ಶಿಲುಬೆ ಮೇಲೆ ಯೇಸುಸ್ವಾಮಿ ಕೊನೆಗೆ ತಂದೆಯೇ, ನನ್ನ ಆತ್ಮವನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ ಅಂದದ್ದು ಗೊತ್ತಲ್ಲ, ಅದು 31ನೇ ಕೀರ್ತನೆಯ 5ನೇ ವಚನ, ಯೆಹೂದ್ಯರ ಮನೆಗಳಲ್ಲಿ ಈಗ್ಲೂ ರಾತ್ರಿ ಮಲಗುವಾಗ ಹೇಳುವ ಪ್ರಾರ್ಥನೆಯಲ್ಲಿ ಉಂಟು. ಕೀರ್ತನೆಯಲ್ಲಿ ಇಲ್ಲದ ತಂದೆಯೇ ಅನ್ನುವ ಒಂದು ಮಾತು ಮಾತ್ರ ಯೇಸು ಸೇರಿಸಿದ್ದು. ಇದು ತಿಳಿದ ಮೇಲೆ ನಾನೂ ಶುರು ಮಾಡಿದೆ. ದೀಪ ಆರಿಸಿ ಮಲಗಿ ಒಂದೊಂದೇ ಹೆಸರು ಹೇಳಿ ಒಪ್ಪಿಸೋದು, ಮಗನ ಕೆಲಸ, ಮನೆ ಲೋನು, ನಾಳಿನ ಕೀಮೋ, ಹೊಟ್ಟೆನೋವು, ಕಡೆಗೆ ನನ್ನನ್ನ. ಮೊದಲ ಕೆಲವು ತಿಂಗಳು ಬರೀ ಬಾಯಿಮಾತು, ಸುಳ್ಳು ಹೇಳೋದಿಲ್ಲ. ಆಮೇಲೆ ಯಾವಾಗ ಅಂತ ಗೊತ್ತಿಲ್ಲ, ಆ ಸಾಲು ಮುಗಿಯುವ ಮೊದಲೇ ನಿದ್ದೆ ಬರ್ಲಿಕ್ಕೆ ಶುರುವಾಯ್ತು. ಹೆದರಿಕೆ ಈಗ್ಲೂ ಬರ್ತದೆ, ಆದ್ರೆ ಬಂದು ಕೂತ್ಕೊಳ್ಳೋದಿಲ್ಲ.

ನನ್ನನ್ನ ಮಣ್ಣು ಮಾಡುವ ದಿನ ಯಾವ ಹಾಡು, ಯಾವ ವಚನ ಅಂತ ಸತ್ಯವೇದದ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದೇನೆ. ತೋರಿಸ್ಲಿಕ್ಕೆ ಹೋದ್ರೆ ಮಗ ಎದ್ದು ಹೊರಗೆ ಹೋಗ್ತಿದ್ದ. ಮೊನ್ನೆ ಆದಿತ್ಯವಾರ ಅವನೇ ಬಂದು ಪಕ್ಕದಲ್ಲಿ ಕೂತು, ಅಮ್ಮ, ಎರಡನೇ ಹಾಡಿನ ರಾಗ ನಂಗೆ ಸರಿ ಬರೋದಿಲ್ಲ, ಕಲಿಸ್ತೀಯಾ ಅಂದ.