ತಿರುಗಾಡುವವರಿಗೆ ಏನು ಕೊಡುವುದು? ಅರ್ಧ ಕಿಲೋ ಉಡುಗೊರೆಯ ಲೆಕ್ಕ

ಕೆಲವು ವರ್ಷಗಳ ಹಿಂದೆ ಅಕ್ಕನ ಮಗಳು ಓದಲು ಹೊರದೇಶಕ್ಕೆ ಹೊರಟಾಗ ನಾನು ಅವಳಿಗೆ ಎರಡು ಕಿಲೋ ತೂಗುವ ಹಿತ್ತಾಳೆ ದೀಪ ಕೊಟ್ಟಿದ್ದೆ. ವಿಮಾನ ನಿಲ್ದಾಣದಲ್ಲಿ ಚೀಲ ತೂಗಿದರೆ ಮಿತಿಗಿಂತ ಒಂದೂಮುಕ್ಕಾಲು ಕಿಲೋ ಹೆಚ್ಚು. ನೂರಾರು ಜನರ ಮುಂದೆ ಚೀಲ ಬಿಚ್ಚಿದಳು. ಮೊದಲು ಹೊರಗೆ ಬಂದದ್ದು ಉಪ್ಪಿನಕಾಯಿ ಡಬ್ಬಿ, ಅದು ಮತ್ತೆ ಒಳಗೆ ಹೋಯಿತು. ಆಮೇಲೆ ಸ್ವೆಟರ್, ಅದೂ ಒಳಗೆ ಹೋಯಿತು. ಕಡೆಗೆ ಹೊರಗೇ ಉಳಿದದ್ದು ನನ್ನ ದೀಪ. ಅದನ್ನು ನಾನೇ ಹೊತ್ತು ಮನೆಗೆ ತಂದೆ. ಈಗಲೂ ನಮ್ಮ ದೇವರ ಮನೆಯಲ್ಲಿದೆ. ಹಚ್ಚಿದಾಗಲೆಲ್ಲ ನನ್ನ ಬುದ್ಧಿವಂತಿಕೆಯನ್ನೂ ಬೆಳಗುತ್ತದೆ.

ಅಂದಿನಿಂದ ಒಂದು ಲೆಕ್ಕ ಹಿಡಿದಿದ್ದೇನೆ. ಊರೂರು ತಿರುಗುವವರಿಗೆ ಕೊಡುವುದು ಅರ್ಧ ಕಿಲೋ ದಾಟಬಾರದು. ಒಂದೋ ಅದು ದಾರಿಯಲ್ಲೇ ಖರ್ಚಾಗಬೇಕು, ಇಲ್ಲವೇ ಮಡಚಿದರೆ ಅಂಗೈಯಲ್ಲಿ ಕೂರಬೇಕು. ದೀಪಾವಳಿಯಿಂದ ಹೊಸ ವರ್ಷದವರೆಗೆ ರಜೆಗಳ ಸಾಲು. ನಿಮ್ಮ ಮನೆಯಲ್ಲೂ ಕಾಲಿಗೆ ಚಕ್ರ ಕಟ್ಟಿಕೊಂಡವರು ಒಬ್ಬರಿದ್ದರೆ ಈ ಕ್ರಮ ನೋಡಿ.

ಮೊದಲ ಹೆಜ್ಜೆ: ಸರಿಯಾದ ಪ್ರಶ್ನೆ ಕೇಳಿ

"ನಿನಗೇನು ಬೇಕು" ಎಂದು ಕೇಳಬೇಡಿ. "ಏನೂ ಬೇಡ, ಅದೆಲ್ಲ ಯಾಕೆ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಮಾತಿನ ನಡುವೆ "ಹೋದ ಸಲ ಹೋದಾಗ ಏನು ಮರೆತಿದ್ದೆ?" ಎಂದು ಕೇಳಿ. ಅರ್ಧ ಗಂಟೆಯ ಕಥೆ ಹೊರಗೆ ಬರುತ್ತದೆ, ಅದರೊಳಗೆ ಉಡುಗೊರೆಯ ಪಟ್ಟಿ ಇರುತ್ತದೆ. ನನ್ನ ಷಡ್ಡಕರೊಬ್ಬರು ರಾತ್ರಿ ರೈಲಿನಲ್ಲಿ ಚೀಲದ ಚಿಂತೆಯಲ್ಲಿ ನಿದ್ದೆಯನ್ನೇ ಮಾಡುತ್ತಿರಲಿಲ್ಲ. ಸೀಟಿನ ಕೆಳಗಿನ ಬಳೆಗೆ ಚೀಲ ಕಟ್ಟುವ ತೆಳು ಸರಪಳಿ ಮತ್ತು ಒಂದು ಬೀಗ ಕೊಟ್ಟೆ. ಅವರು ಇಂದಿಗೂ ಹೊಗಳುವ ಉಡುಗೊರೆ ಅದು. ಬೆಲೆ ಹೇಳಿದರೆ ನನಗೇ ನಾಚಿಕೆ.

ಯಾವ ಜಾತಿಯ ತಿರುಗಾಟ ಎಂಬುದೂ ಮುಖ್ಯ. ರೈಲಿನವರಿಗೆ ಬೇಕಾದದ್ದು ಬೆಟ್ಟ ಹತ್ತುವವರಿಗೆ ಬೇಡ. ಮಳೆಗಾಲದಲ್ಲಿ ಮಲೆನಾಡಿನ ಕಾಡಿಗೆ ನುಗ್ಗುವವರಿಗೆ ಮೊಣಕಾಲಿನವರೆಗೆ ಬರುವ, ಒತ್ತು ನೇಯ್ಗೆಯ, ತಿಳಿ ಬಣ್ಣದ ಕಾಲುಚೀಲ ಕೊಟ್ಟರೆ ಕೈ ಮುಗಿಯುತ್ತಾರೆ; ಇಂಬಳ (ಜಿಗಣೆ) ಹತ್ತಿದ್ದು ತಿಳಿ ಬಟ್ಟೆಯ ಮೇಲೆ ಕೂಡಲೇ ಕಾಣುತ್ತದೆ. ಡಿಸೆಂಬರಿನಲ್ಲಿ ಅದನ್ನು ಕೊಟ್ಟರೆ ಜೂನ್‌ವರೆಗೆ ಕಪಾಟಿನಲ್ಲಿರುತ್ತದೆ, ಅಷ್ಟೆ.

ಎರಡನೆಯದು: ಚೀಲ ಹೊಲಿಯಿರಿ

ನಮ್ಮ ಮನೆಗಳಲ್ಲಿ ಒಂದು ಸಂಪತ್ತು ಸುಮ್ಮನೆ ಕೊಳೆಯುತ್ತಿದೆ. ಉಡಿ ತುಂಬಿದಾಗ, ಅರಿಶಿನ ಕುಂಕುಮಕ್ಕೆ ಕರೆದಾಗ ಬಂದ ರವಿಕೆ ಕಣಗಳು. ಅವು ಮನೆಯಿಂದ ಮನೆಗೆ ಸುತ್ತುತ್ತಲೇ ಇರುತ್ತವೆ, ಯಾರೂ ಹೊಲಿಸುವುದಿಲ್ಲ. ಒಂದು ಕಣದಲ್ಲಿ ಪ್ರಯಾಣಕ್ಕೆ ಮೂರು ಲಾಡಿ ಚೀಲಗಳಾಗುತ್ತವೆ. ಗುಳೇದಗುಡ್ಡದ ಖಣ ಸಿಕ್ಕಿದರೆ ನೋಡಲು ಚಂದ. ಆದರೆ ಅದರ ಅಂಚಿನ ಎಳೆ ಬೇಗ ಬಿಚ್ಚುತ್ತದೆ, ಎರಡು ಸಲ ಹೊಲಿಗೆ ಹಾಕಬೇಕು. ಮೊದಲ ಸಲ ಹೊಲಿಯುವವರಿಗೆ ಸಾದಾ ಹತ್ತಿಯೇ ಒಳ್ಳೆಯದು.

ಬಟ್ಟೆಯನ್ನು ಒಮ್ಮೆ ನೀರಿಗೆ ಹಾಕಿ ಒಣಗಿಸಿ. ಕುಗ್ಗುವುದಿದ್ದರೆ ಈಗಲೇ ಕುಗ್ಗಲಿ. ಇಸ್ತ್ರಿ ಮಾಡಿ, 25 ಸೆಂಟಿಮೀಟರ್ ಅಗಲ, 70 ಸೆಂಟಿಮೀಟರ್ ಉದ್ದದ ಪಟ್ಟಿ ಕತ್ತರಿಸಿಕೊಳ್ಳಿ. ಚಂದದ ಮಗ್ಗುಲು ಒಳಗಿರುವಂತೆ ಅಡ್ಡಕ್ಕೆ ಮಡಚಿ. ಮಡಿಕೆ ಇರುವ ಕಡೆ ಚೀಲದ ತಳ, ಅಲ್ಲಿ ಹೊಲಿಗೆ ಬೇಡ. ಎರಡೂ ಬದಿಗೆ ಹೊಲಿಗೆ ಹಾಕಿಕೊಂಡು ಬನ್ನಿ, ಆದರೆ ಬಾಯಿಯ ಹತ್ತಿರ 8 ಸೆಂಟಿಮೀಟರ್ ಬಿಟ್ಟುಬಿಡಿ. ಎಲ್ಲರೂ ತಪ್ಪುವುದು ಇಲ್ಲೇ. ಪೂರ್ತಿ ಹೊಲಿದುಬಿಟ್ಟರೆ ಲಾಡಿ ಹೊರಬರಲು ದಾರಿಯೇ ಇರುವುದಿಲ್ಲ. ಬಿಟ್ಟ ಅಂಚುಗಳನ್ನು ಒಳಕ್ಕೆ ಮಡಚಿ ಹೊಲಿಯಿರಿ. ಆಮೇಲೆ ಬಾಯಿಯನ್ನು ಎರಡೂ ಕಡೆ ಕೆಳಕ್ಕೆ ಮಡಚಿ, ಲಾಡಿ ಓಡುವಷ್ಟು ಜಾಗ ಬಿಟ್ಟು ಇನ್ನೊಂದು ಹೊಲಿಗೆ. ಈಗ ಚೀಲವನ್ನು ಮಗುಚಿ.

ಲಾಡಿ ಒಂದಲ್ಲ, ಎರಡು ಬೇಕು. 60 ಸೆಂಟಿಮೀಟರಿನ ಎರಡು ತುಂಡುಗಳು. ತುದಿಗೆ ಪಿನ್ನು ಚುಚ್ಚಿ, ಒಂದನ್ನು ಎಡದಿಂದ ಪೋಣಿಸಿ ಸುತ್ತು ಬಂದು ಎಡಕ್ಕೇ ಗಂಟು ಹಾಕಿ. ಇನ್ನೊಂದನ್ನು ಬಲದಿಂದ ಹೊರಟು ಬಲಕ್ಕೇ. ಎರಡನ್ನೂ ಎಳೆದರೆ ಬಾಯಿ ಗಪ್ಪನೆ ಮುಚ್ಚುತ್ತದೆ. ಒಂದೇ ಲಾಡಿಯ ಚೀಲ ರಾತ್ರಿ ಬಸ್ಸಿನ ಕುಲುಕಾಟಕ್ಕೆ ತಾನಾಗಿಯೇ ಬಾಯಿ ತೆರೆಯುತ್ತದೆ.

ಮೂರರಲ್ಲಿ ಒಂದು ಚಪ್ಪಲಿಗೆ, ಒಂದು ಚಾರ್ಜರ್ ತಂತಿಗಳಿಗೆ, ಇನ್ನೊಂದು ಒಗೆಯಬೇಕಾದ ಬಟ್ಟೆಗೆ. ಶಬರಿಮಲೆಗೆ ಹೊರಟವರಿದ್ದರೆ ಇನ್ನೆರಡು ಹೆಚ್ಚು ಹೊಲಿಯಿರಿ. ಅಲ್ಲಿ ಪ್ಲಾಸ್ಟಿಕ್‌ಗೆ ನಿಷೇಧವಿದೆ, ಇರುಮುಡಿಯೊಳಗಿನ ಪೊಟ್ಟಣಗಳಿಗೆ ಬಟ್ಟೆಯೇ ಬೇಕು.

ಮೂರನೆಯದು: ಚೀಲದೊಳಗೆ ಗೊಜ್ಜವಲಕ್ಕಿ

ಬರಿ ಚೀಲ ಕೊಡುವುದು ನಮ್ಮ ಪದ್ಧತಿಯಲ್ಲ. ಸಿಹಿ ತಿಂಡಿಯನ್ನು ಎಲ್ಲರೂ ಕೊಡುತ್ತಾರೆ. ಮೂರನೆಯ ದಿನ ಪರವೂರಿನ ಹೋಟೆಲಿನ ಕೋಣೆಯಲ್ಲಿ ಕುಳಿತವರಿಗೆ ಬೇಕಾಗುವುದು ಹುಳಿ, ಖಾರ. ಬಿಸಿ ನೀರು ಹಾಕಿದರೆ ಸಿದ್ಧವಾಗುವ ಗೊಜ್ಜವಲಕ್ಕಿ ಪುಡಿಗೆ ಸಮನಾದದ್ದನ್ನು ನಾನು ಕಂಡಿಲ್ಲ.

ಕಾಲು ಕಿಲೋ ಗಟ್ಟಿ ಅವಲಕ್ಕಿಯನ್ನು ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಮಿಕ್ಸಿಯಲ್ಲಿ ದಪ್ಪ ರವೆಯಂತೆ ತಿರುಗಿಸಿ. ನುಣ್ಣಗಾದರೆ ಆಮೇಲೆ ಅಂಟಿನ ಮುದ್ದೆ. ನಿಂಬೆ ಗಾತ್ರದ ಹುಣಸೆಹಣ್ಣಿನ ಬೀಜ, ನಾರು ತೆಗೆದು, ಎಳೆ ಎಳೆಯಾಗಿ ಬಿಡಿಸಿ ಬಿಸಿ ಬಾಣಲೆಯಲ್ಲಿ ಗರಿಗರಿಯಾಗುವವರೆಗೆ ಬಾಡಿಸಿ. ಅದು ತಣಿದ ಮೇಲೆ ಎರಡು ಚಮಚ ಸಾರಿನ ಪುಡಿ, ಎರಡು ಟೀ ಚಮಚ ಉಪ್ಪಿನ ಜೊತೆ ಪುಡಿ ಮಾಡಿ. ಎರಡು ಚಮಚ ಬೆಲ್ಲ ಬೇಕು. ಜಿಗುಟಾದದ್ದಲ್ಲ, ಉದುರುವ ಒಣ ಬೆಲ್ಲ. ಮೂರು ಚಮಚ ಎಣ್ಣೆಯಲ್ಲಿ ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಒಂದು ಹಿಡಿ ಶೇಂಗಾ, ಒಣಮೆಣಸು, ಇಂಗು, ಕರಿಬೇವು ಹಾಕಿ ಒಗ್ಗರಣೆ ಮಾಡಿ. ಕರಿಬೇವಿನ ಎಲೆ ಬೆರಳಲ್ಲಿ ಹಿಡಿದರೆ ಪುಡಿಯಾಗಬೇಕು. ಅದರಲ್ಲಿ ತೇವ ಉಳಿದರೆ ಇಡೀ ಪೊಟ್ಟಣ ಹಾಳು.

ಎಲ್ಲವನ್ನೂ ಕಲಸಿ ಅಗಲ ತಟ್ಟೆಯಲ್ಲಿ ಹರಡಿ, ಪೂರ್ತಿ ಆರಲು ಬಿಡಿ. ಬಿಸಿಯಲ್ಲೇ ತುಂಬಿದ ಡಬ್ಬಿಯ ಮುಚ್ಚಳದ ಒಳಗೆ ಬೆವರು ಮೂಡುತ್ತದೆ. ಆ ಹನಿಗಳು ಮತ್ತೆ ಪುಡಿಗೇ ಬೀಳುತ್ತವೆ. ತಣಿದ ಮೇಲೆ ಮೂರು ಭಾಗ ಮಾಡಿ ಬಿಗಿ ಮುಚ್ಚುವ ಪೊಟ್ಟಣಗಳಲ್ಲಿ ತುಂಬಿ. ಮೇಲೆ ಬರೆಯಿರಿ: ಒಂದು ಲೋಟ ಪುಡಿಗೆ ಮುಕ್ಕಾಲು ಲೋಟ ಕುದಿವ ನೀರು, ಎಂಟು ನಿಮಿಷ ಮುಚ್ಚಿಡಿ. ಕೊಡುವ ಮೊದಲು ನೀವೇ ಒಂದು ಹಿಡಿ ಮಾಡಿ ತಿಂದು ನೋಡಿ, ಉಪ್ಪು ಹೆಚ್ಚು ಕಡಿಮೆ ಆಗಿದ್ದರೆ ಇನ್ನೂ ಸರಿಪಡಿಸಬಹುದು.

ವಿದೇಶಕ್ಕೆ ಹೋಗುವವರಾದರೆ ಪೊಟ್ಟಣದ ಮೇಲೆ ಒಳಗಿನ ಸಾಮಗ್ರಿಗಳನ್ನು ಇಂಗ್ಲಿಷಿನಲ್ಲೂ ಬರೆಯಿರಿ. ಅಲ್ಲಿನ ಕಸ್ಟಮ್ಸ್ ಅಧಿಕಾರಿಗೆ ಗೊಜ್ಜವಲಕ್ಕಿ ಯಾವ ಲೋಕದ ವಸ್ತುವೋ! ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ತಿನ್ನುವ ಪದಾರ್ಥ ಏನೇ ಇದ್ದರೂ ಮೊದಲೇ ಘೋಷಿಸಬೇಕು. ನ್ಯೂಜಿಲೆಂಡ್‌ನಲ್ಲಿ ಮುಚ್ಚಿಟ್ಟು ಸಿಕ್ಕಿಬಿದ್ದರೆ ನಿಂತಲ್ಲೇ 400 ಡಾಲರ್ ದಂಡ. ಒಣ ಕೊಬ್ಬರಿ ಬಟ್ಟಲನ್ನಂತೂ ವಿಮಾನಕ್ಕೆ ಕಟ್ಟಿ ಕಳಿಸಲೇಬೇಡಿ. ಎಣ್ಣೆಯಂಶದಿಂದಾಗಿ ತಾನಾಗಿಯೇ ಕಾದು ಹೊತ್ತಿಕೊಳ್ಳಬಹುದಾದ ವಸ್ತುಗಳ ಪಟ್ಟಿಯಲ್ಲಿ ಅದಿದೆ. ತಿಪಟೂರಿನ ಬೀಗರು ಪ್ರೀತಿಯಿಂದ ಕೊಟ್ಟರೂ ಮನೆಯಲ್ಲೇ ಇರಲಿ.

ಅಂಗಡಿಯಿಂದ ತರುವುದಾದರೆ

ಹೊಲಿಗೆ, ಒಗ್ಗರಣೆ ಎರಡೂ ಆಗದವರು ಪವರ್ ಬ್ಯಾಂಕ್ ಕೊಡಬಹುದು, ಆದರೆ ಲೆಕ್ಕ ಹಾಕಿ ಕೊಳ್ಳಿ. ಮೈಮೇಲೆ ಬರೆದಿರುವ ಮಿಲಿಆಂಪ್ ಅವರ್ ಸಂಖ್ಯೆಯನ್ನು ಸಾವಿರದಿಂದ ಭಾಗಿಸಿ 3.7ರಿಂದ ಗುಣಿಸಿದರೆ ವ್ಯಾಟ್ ಅವರ್ ಸಿಗುತ್ತದೆ. 10,000ದ್ದು 37, 20,000ದ್ದು 74. ವಿಮಾನದಲ್ಲಿ 100ರವರೆಗೆ ವಿಶೇಷ ಅನುಮತಿ ಬೇಡ, ಅದರ ಮೇಲೆ 160ರವರೆಗೆ ಕಂಪನಿಯ ಒಪ್ಪಿಗೆ ಬೇಕು. ಯಾವ ಗಾತ್ರದ್ದಾದರೂ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ. ಸಂಖ್ಯೆ ಅಳಿಸಿಹೋದ, ಹೆಸರಿಲ್ಲದ ಅಗ್ಗದ ಮಾಲು ತಪಾಸಣೆಯಲ್ಲೇ ಉಳಿಯಬಹುದು. ತೂಕದ ಲೆಕ್ಕದಲ್ಲೂ 10,000ದ್ದೇ ಜಾಣತನ.

ಬೇರೆ ಬೇರೆ ದೇಶದ ಪ್ಲಗ್ ಅಡಾಪ್ಟರ್ ಕೂಡ ಒಳ್ಳೆಯದೇ. ಆದರೆ ಅದು ಬದಲಿಸುವುದು ಪಿನ್ನಿನ ಆಕಾರವನ್ನು ಮಾತ್ರ, ವೋಲ್ಟೇಜನ್ನಲ್ಲ. ನಮ್ಮಲ್ಲಿ 230, ಅಮೆರಿಕದಲ್ಲಿ 120. ಮೊಬೈಲ್ ಚಾರ್ಜರ್ ಎರಡಕ್ಕೂ ಹೊಂದಿಕೊಳ್ಳುತ್ತದೆ. ಇಲ್ಲಿಂದ ಹೊತ್ತೊಯ್ದ ಮಿಕ್ಸಿ ಅಲ್ಲಿ ಮುಲುಗುತ್ತದೆ.

ವಿದ್ಯುತ್ ಕೆಟಲ್ ಕೊಡುವವರು ಒಂದು ಮಾತು ಹೇಳಿಯೇ ಕೊಡಿ: ರೈಲಿನ ಪ್ಲಗ್ಗಿಗೆ ಅದನ್ನು ಹಾಕುವಂತಿಲ್ಲ, ದಂಡ ಬೀಳುತ್ತದೆ. ಗೊಜ್ಜವಲಕ್ಕಿಗೆ ಬಿಸಿ ನೀರನ್ನು ಪ್ಯಾಂಟ್ರಿಯವರನ್ನು ಕೇಳಿಯೇ ಪಡೆಯಬೇಕು.

ಸೂಟ್‌ಕೇಸ್, ಪ್ರವಾಸಿ ಕೈಪಿಡಿ, ಕುತ್ತಿಗೆ ದಿಂಬು ಬೇಡ. ಮೂರನ್ನೂ ಅವರು ಆಗಲೇ ಕೊಂಡಿರುತ್ತಾರೆ, ಎರಡನ್ನು ಅಟ್ಟಕ್ಕೂ ಹಾಕಿರುತ್ತಾರೆ.

ಹೋದಲ್ಲಿ ಅವರೂ ಯಾರಿಗೋ ಏನೋ ಕೊಡಬೇಕಾಗುತ್ತದೆ ಎಂಬುದು ನಮಗೆ ಹೊಳೆಯುವುದೇ ಇಲ್ಲ. ಉಳಿಸಿಕೊಂಡ ಮನೆಯವರಿಗೆ, ದಾರಿ ತೋರಿಸಿದವರಿಗೆ, ಆ ಮನೆಯ ಮಗುವಿಗೆ. ಚನ್ನಪಟ್ಟಣದ ನಾಲ್ಕು ಚಿಕ್ಕ ಬುಗುರಿಗಳನ್ನು ಒಂದು ಲಾಡಿ ಚೀಲಕ್ಕೆ ಹಾಕಿ ಕೊಡಿ. ಹಗುರ ಮರ, ಅರಗಿನ ಬಣ್ಣ. ಕೇದಗೆ ಎಲೆಯಿಂದ ಉಜ್ಜಿ ಹೊಳಪು ಕೊಟ್ಟಿರುತ್ತಾರೆ. ಬುಗುರಿ ಆಡಿಸಲು ಯಾವ ಭಾಷೆಯೂ ಬೇಕಿಲ್ಲ.

ಟಿಕೆಟ್ ಕೊಡಿಸುವ ಆಸೆಯಿದ್ದರೆ

ಗುಟ್ಟಾಗಿ ಟಿಕೆಟ್ ಮಾಡಿಸಿ ಅಚ್ಚರಿಗೊಳಿಸುವ ಯೋಜನೆ ಕೇಳಲು ಚಂದ. ರೈಲಿನ ಮುಂಗಡ ಬುಕಿಂಗ್ 2024ರ ನವೆಂಬರ್ 1ರಿಂದ 60 ದಿನಕ್ಕೆ ಇಳಿದಿದೆ. ಪ್ರಯಾಣಕ್ಕೆ ಅದಕ್ಕಿಂತ ಹೆಚ್ಚು ದಿನ ಇರುವಾಗಲೇ ಹಬ್ಬ ಬಂದರೆ ಟಿಕೆಟ್ ಕೈಯಲ್ಲಿ ಹಿಡಿದು ಕೊಡಲಾಗದು. ನಿಮ್ಮ ಹೆಸರಲ್ಲಿ ಮಾಡಿಸಿ ಆಮೇಲೆ ಬದಲಿಸುತ್ತೇನೆ ಎಂದರೆ, ಹೆಸರು ಬದಲಾವಣೆ ಅಪ್ಪ, ಅಮ್ಮ, ಅಣ್ಣತಮ್ಮ, ಅಕ್ಕತಂಗಿ, ಮಕ್ಕಳು, ಗಂಡ ಅಥವಾ ಹೆಂಡತಿಗೆ ಮಾತ್ರ, ಅದೂ ಗಾಡಿ ಹೊರಡುವ 24 ಗಂಟೆ ಮೊದಲು. ಸೋದರಳಿಯ, ಷಡ್ಡಕ, ಗೆಳೆಯ ಯಾರೂ ಈ ಪಟ್ಟಿಯಲ್ಲಿಲ್ಲ.

ಲಕೋಟೆಯಲ್ಲಿ ಹಣವಿಟ್ಟು, ಮೇಲೆ ದಾರಿಯ ಹೆಸರು ಬರೆದುಕೊಡುವುದು ಇದಕ್ಕಿಂತ ಸುಲಭ. "ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗೆ, ಹಗಲಿನಲ್ಲಿ, ಕಿಟಕಿ ಪಕ್ಕ" ಎಂದು ಒಮ್ಮೆ ಬರೆದುಕೊಟ್ಟಿದ್ದೆ. ಆ ಘಟ್ಟದಲ್ಲಿ 57 ಸುರಂಗಗಳಿವೆ; ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಅಲ್ಲಿಗೆ ಬಂದದ್ದು 2021ರಲ್ಲಿ. ಕಾಮಗಾರಿ, ಗುಡ್ಡ ಕುಸಿತ ಎಂದು ಹಗಲಿನ ಗಾಡಿಗಳು ಕೆಲವೊಮ್ಮೆ ನಿಲ್ಲುತ್ತವೆ, ಬರೆಯುವ ಮೊದಲು ವಿಚಾರಿಸಿ.

ಕಾಸಿಲ್ಲದ್ದೊಂದು, ಹತ್ತು ರೂಪಾಯಿಯದೊಂದು

ಮನೆ ಬಿಟ್ಟು ಹೊರಟವರ ತಲೆಯಲ್ಲಿ ಕೊರೆಯುವುದು ಮನೆಯೇ. ತುಳಸಿ ಕಟ್ಟೆಗೆ ನೀರು, ಬಾಗಿಲಿಗೆ ಬೀಳುವ ಹಾಲು, ಪತ್ರಿಕೆ, ಬೆಕ್ಕು. "ಹತ್ತು ದಿನ ನಾನು ನೋಡಿಕೊಳ್ಳುತ್ತೇನೆ" ಎಂದು ಒಂದು ಚೀಟಿಯಲ್ಲಿ ಬರೆದು ಸಹಿ ಹಾಕಿ ಕೊಡಿ. ಬಾಯಿಮಾತಾದರೆ ಕೇಳಲು ಅವರಿಗೆ ಸಂಕೋಚ. ಚೀಟಿ ಇದ್ದರೆ ಬೀಗದ ಕೈ ತಾನಾಗಿ ಬರುತ್ತದೆ.

ಇನ್ನು ಅಂಚೆ ಕಾರ್ಡು. ಒಂದಕ್ಕೆ 50 ಪೈಸೆ. ಇಪ್ಪತ್ತು ಕಾರ್ಡು ತನ್ನಿ, ಎಲ್ಲದರ ಮೇಲೂ ವಿಳಾಸ ನೀವೇ ಬರೆಯಿರಿ: ಐದಕ್ಕೆ ನಿಮ್ಮದು, ಐದಕ್ಕೆ ಅವರ ಅಮ್ಮನದು, ಉಳಿದವು ಅವರ ಗೆಳೆಯರದು. ಪಿನ್‌ಕೋಡ್ ಮರೆಯಬೇಡಿ. ಒಂದು ಬಾಲ್ ಪೆನ್ನು ಜೊತೆಗಿಡಿ. ಶಾಯಿ ಪೆನ್ನಿನ ಅಕ್ಷರ ಮಳೆಗೆ ಕಲಸಿಹೋಗುತ್ತದೆ. ತಿರುಗಾಡುವವರಿಗೆ ಬರೆಯುವ ಮನಸ್ಸು ಇರುತ್ತದೆ, ವಿಳಾಸ ಹುಡುಕುವ ತಾಳ್ಮೆ ಇರುವುದಿಲ್ಲ. ಇದು ದೇಶದೊಳಗಿನ ಪ್ರಯಾಣಕ್ಕೆ ಮಾತ್ರ. ಹೊರದೇಶದಲ್ಲಿ ನಮ್ಮ ಕಾರ್ಡು ನಡೆಯದು.

ಎಲ್ಲವನ್ನೂ ತಕ್ಕಡಿಗೆ ಹಾಕಿ. ಚೀಲಗಳು, ಮೂರು ಪೊಟ್ಟಣ, ಕಾರ್ಡುಗಳು ಸೇರಿ ಮುಳ್ಳು ಅರ್ಧ ಕಿಲೋ ದಾಟಿದರೆ ಒಂದು ಪೊಟ್ಟಣ ತೆಗೆದು ನೀವೇ ತಿನ್ನಿ. ಹೊರಡುವ ದಿನ ನಿಲ್ದಾಣದಲ್ಲಿ ಕೊಡಬೇಡಿ. ಚೀಲ ಕಟ್ಟುವುದಕ್ಕೆ ಮೂರು ದಿನ ಮೊದಲೇ ತಲುಪಿಸಿ.

ಕಳೆದ ಚಳಿಗಾಲದಲ್ಲಿ ಷಡ್ಡಕರು ಕಾಶಿ, ಗಯೆ ಎಂದು ಎರಡು ವಾರ ಹೋಗಿದ್ದರು. ಅವರು ಮರಳಿ ಬಂದು ನಾಲ್ಕು ದಿನವಾದ ಮೇಲೆ ಅವರ ಮೊದಲ ಕಾರ್ಡು ನಮ್ಮ ಮನೆಗೆ ಬಂತು. ಮೂಲೆ ಮುದುರಿ, ಮುದ್ರೆಯ ಮಸಿ ಅರ್ಧ ವಾಕ್ಯವನ್ನು ನುಂಗಿತ್ತು. ಉಳಿದದ್ದು ಓದಲು ಬಂತು: "ಅವಲಕ್ಕಿ ನಿನ್ನೆಗೇ ಮುಗಿಯಿತು. ಇನ್ನೂ ಒಂಬತ್ತು ದಿನ ಇದೆ."