ಜೂಮ್ ಕೊಳ್ಳಬೇಕೋ, ಪ್ರೈಮ್ ಕೊಳ್ಳಬೇಕೋ? ವನ್ಯಜೀವಿ ಫೋಟೊಗಳಿಗೆ ಲೆನ್ಸ್ ಆರಿಸುವ ಬಗೆ

ವನ್ಯಜೀವಿ ಛಾಯಾಗ್ರಹಣದ ಹುಚ್ಚು ಹತ್ತಿದವರೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆಯ ಮುಂದೆ ಬಂದು ನಿಲ್ಲುತ್ತಾರೆ. ಕೈಯಲ್ಲಿ ಒಂದೂವರೆ, ಎರಡು ಲಕ್ಷ ರೂಪಾಯಿ ಇದೆ. 150–600 ಎಂಎಂನಂಥ ಜೂಮ್ ಕೊಂಡುಬಿಡಲೇ? ಇಲ್ಲ, ಇನ್ನಷ್ಟು ಕೂಡಿಟ್ಟು 500 ಅಥವಾ 600 ಎಂಎಂ ಪ್ರೈಮ್‌ಗೇ ಕೈಹಾಕಲೇ? ಅಂಗಡಿಯವರು ದಾಸ್ತಾನಿನಲ್ಲಿ ಇರುವುದನ್ನು ಹೊಗಳುತ್ತಾರೆ, ಗೆಳೆಯರು ತಾವು ಕೊಂಡದ್ದನ್ನು ಹೊಗಳುತ್ತಾರೆ. ಇಬ್ಬರ ಮಾತನ್ನೂ ಬದಿಗಿಟ್ಟು ಒಂದು ಕಾಗದ, ಪೆನ್ನು ಹಿಡಿದು ಕೂತರೆ ಅರ್ಧ ಗಂಟೆಯಲ್ಲಿ ತೀರ್ಮಾನಕ್ಕೆ ಬರಬಹುದು.

ಹೊಸಬರಿಗಾಗಿ ಒಂದು ಮಾತು. ಲೆನ್ಸಿನ ಮೇಲೆ ಎಂಎಂ ಲೆಕ್ಕದಲ್ಲಿ ಬರೆದಿರುವ ಸಂಖ್ಯೆಯೇ ಫೋಕಲ್ ಲೆಂಗ್ತ್; ಅದು ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ಜೂಮ್ ಎಂದರೆ ಅದನ್ನು ಬದಲಿಸಬಹುದಾದ ಲೆನ್ಸ್; ಉಂಗುರ ತಿರುಗಿಸಿದರೆ ದೃಶ್ಯ ಹತ್ತಿರವೂ ಆಗುತ್ತದೆ, ದೂರವೂ ಆಗುತ್ತದೆ. ಪ್ರೈಮ್‌ಗೆ ಇರುವುದು ಒಂದೇ ಫೋಕಲ್ ಲೆಂಗ್ತ್. 600 ಎಂದರೆ 600, ಅಷ್ಟೇ.

ಮೊದಲ ಹೆಜ್ಜೆ: ದೂರ ಯಾರ ಕೈಯಲ್ಲಿದೆ?

ನೀವು ಹೆಚ್ಚಾಗಿ ಹೋಗುವ ಜಾಗಗಳನ್ನು ಕಾಗದದ ಮೇಲೆ ಬರೆಯಿರಿ. ಪ್ರತಿ ಹೆಸರಿನ ಎದುರು, ಪ್ರಾಣಿಗೂ ನಿಮಗೂ ನಡುವಿನ ದೂರವನ್ನು ನಿರ್ಧರಿಸುವವರು ಯಾರು ಎಂದು ಗುರುತು ಹಾಕಿಕೊಳ್ಳಿ. ನನ್ನ ಮಟ್ಟಿಗೆ ಲೆನ್ಸಿನ ಆಯ್ಕೆಯ ಮುಕ್ಕಾಲು ಪಾಲು ಇಲ್ಲೇ ಮುಗಿಯುತ್ತದೆ.

ಕಬಿನಿಯನ್ನೇ ತೆಗೆದುಕೊಳ್ಳಿ. ಜೀಪಿನಿಂದ ಇಳಿಯುವ ಹಾಗಿಲ್ಲ, ರಸ್ತೆ ಬಿಟ್ಟು ಜೀಪು ಕದಲುವ ಹಾಗಿಲ್ಲ. ಎಲ್ಲಿ ನಿಲ್ಲಿಸಬೇಕು ಎಂಬುದು ಚಾಲಕನಿಗೆ ಬಿಟ್ಟದ್ದು, ಎಷ್ಟು ಹತ್ತಿರ ಬರಬೇಕು ಎಂಬುದು ಹುಲಿಗೆ ಬಿಟ್ಟದ್ದು. ಬೇಸಿಗೆಯಲ್ಲಿ ಹಿನ್ನೀರು ಇಳಿದು ಹುಲ್ಲು ಚಿಗುರಿದಾಗ ಆನೆಗಳ ಹಿಂಡು ದೂರದ ಬಯಲಿನಲ್ಲಿ ಮೇಯುತ್ತಿರುತ್ತದೆ. ಅದೇ ಸಂಜೆ ತಿರುವಿನಲ್ಲಿ ಒಂಟಿ ಸಲಗ ಜೀಪಿನ ಮೂತಿಗೇ ಎದುರಾಗುತ್ತದೆ. ಹತ್ತು ನಿಮಿಷದ ಅಂತರದಲ್ಲಿ 600 ಎಂಎಂ ಸಾಲದು ಎನಿಸಿದ್ದು, 200 ಎಂಎಂ ಕೂಡ ಹೆಚ್ಚಾಯಿತು ಎನ್ನಿಸಿಬಿಡುತ್ತದೆ. ಸಫಾರಿ ಜೀಪಿನಲ್ಲಿ ಕೂರುವವರಿಗೆ ಜೂಮ್ ಬೇಕೆನ್ನುವುದು ಇದಕ್ಕೇ. ಲೆನ್ಸ್ ಬದಲಿಸಿಕೊಳ್ಳೋಣ ಎಂದರೆ ಏಪ್ರಿಲ್‌ನ ಕೆಂಧೂಳು ಕ್ಯಾಮೆರಾದ ಸೆನ್ಸರ್ ಮೇಲೆ ಕೂರುತ್ತದೆ, ಪ್ರಾಣಿಯೂ ಅಷ್ಟು ಹೊತ್ತು ಕಾಯುವುದಿಲ್ಲ.

ರಂಗನತಿಟ್ಟಿನ ಮಾತು ಬೇರೆ. ಅಲ್ಲಿ ದೋಣಿ ನಡುಗಡ್ಡೆಗಳ ಪಕ್ಕದಲ್ಲೇ ಸಾಗುತ್ತದೆ. ಬಣ್ಣದ ಕೊಕ್ಕರೆಗಳ ಗೂಡು, ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ ಎಲ್ಲವೂ ಹತ್ತಿರದಲ್ಲೇ ಸಿಗುತ್ತವೆ. 600 ಎಂಎಂ ಪ್ರೈಮ್ ಹೊತ್ತು ಹೋದರೆ ಕೊಕ್ಕರೆಯ ಕಣ್ಣು, ಕೊಕ್ಕು ಸಿಗುತ್ತದೆಯೇ ಹೊರತು ಮರಿಗೆ ಗುಟುಕು ಕೊಡುವ ಇಡೀ ದೃಶ್ಯ ಸಿಗುವುದಿಲ್ಲ. ತೂಗಾಡುವ ದೋಣಿಯಲ್ಲಿ 100–400 ಅಥವಾ 100–500ರ ಹಗುರ ಜೂಮ್ ಹಿಡಿದವರೇ ಜಾಣರು. ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಊರ ಮರಗಳಲ್ಲೇ ಗೂಡು ಕಟ್ಟುವ ಕೊಕ್ಕರೆಬೆಳ್ಳೂರಿನಲ್ಲೂ ಕತೆ ಇದೇ.

ದರೋಜಿ ಕರಡಿಧಾಮ ಇದಕ್ಕೆ ತದ್ವಿರುದ್ಧ. ವೀಕ್ಷಣಾ ಗೋಪುರದ ಮೇಲೆ ನೀವು, ಎದುರಿನ ಗುಡ್ಡದ ಬಂಡೆಗಳ ಮೇಲೆ ಕರಡಿ. ನಡುವಿನ ದೂರ ಹೆಚ್ಚು, ಅದು ಬದಲಾಗುವುದೂ ಇಲ್ಲ. ಜೂಮ್ ಇದ್ದರೂ ನೀವು ಅದನ್ನು ತುತ್ತತುದಿಯಲ್ಲೇ ಇಟ್ಟಿರುತ್ತೀರಿ. ಇಲ್ಲಿ ಪ್ರೈಮ್‌ಗೆ ಅರ್ಥವಿದೆ, ಟ್ರೈಪಾಡ್‌ಗೂ ಜಾಗವಿದೆ. ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮಧ್ಯಾಹ್ನ ಕಾದ ಬಂಡೆಯಿಂದ ಏಳುವ ಬಿಸಿಗಾಳಿಯ ಅಲೆ ದೂರದ ಚಿತ್ರವನ್ನು ಕದಡಿಬಿಡುತ್ತದೆ. ಹತ್ತು ಲಕ್ಷದ ಲೆನ್ಸ್ ಹಾಕಿದರೂ ಕರಡಿಯ ಕೂದಲು ಬಿಡಿಬಿಡಿಯಾಗಿ ಕಾಣುವುದಿಲ್ಲ. ಬಂಡೆ ತಣಿಯುವವರೆಗೆ ಕಾಯುವುದೊಂದೇ ದಾರಿ.

ಎರಡನೇ ಹೆಜ್ಜೆ: ಒಂದು ಸಣ್ಣ ಲೆಕ್ಕ

ಪ್ರಾಣಿ ಎಷ್ಟು ಮೀಟರ್ ದೂರದಲ್ಲಿದೆಯೋ ಅದನ್ನು 36ರಿಂದ ಗುಣಿಸಿ, ಬಂದದ್ದನ್ನು ಲೆನ್ಸಿನ ಫೋಕಲ್ ಲೆಂಗ್ತ್‌ನಿಂದ ಭಾಗಿಸಿ. ಫುಲ್‌ಫ್ರೇಮ್ (36 ಮಿಲಿಮೀಟರ್ ಅಗಲದ ಸೆನ್ಸರಿನ) ಕ್ಯಾಮೆರಾದ ಚೌಕಟ್ಟಿನಲ್ಲಿ ಎಷ್ಟು ಮೀಟರ್ ಅಗಲದ ದೃಶ್ಯ ಹಿಡಿಸುತ್ತದೆ ಎಂಬುದು ಸಿಗುತ್ತದೆ. ಚಿಕ್ಕ ಸೆನ್ಸರಿನ ಎಪಿಎಸ್‌–ಸಿ ಕ್ಯಾಮೆರಾ ಆದರೆ 36ರ ಬದಲು 24 ಹಾಕಿಕೊಳ್ಳಿ. ಕ್ಯಾನನ್‌ನವರು 22 ಎಂದು ಹಿಡಿದರೆ ಇನ್ನೂ ಸರಿ.

ಹುಲಿ 15 ಮೀಟರ್ ದೂರದಲ್ಲಿ ರಸ್ತೆ ದಾಟುತ್ತಿದೆ ಎನ್ನಿ. 600 ಎಂಎಂನಲ್ಲಿ ಹಿಡಿಸುವುದು 90 ಸೆಂಟಿಮೀಟರ್. ಮುಖ, ಭುಜ, ಅಲ್ಲಿಗೆ ಮುಗಿಯಿತು. 180 ಎಂಎಂನಲ್ಲಿ ಮೂರು ಮೀಟರ್ ಸಿಗುತ್ತದೆ, ಇಡೀ ಹುಲಿಯ ಜೊತೆಗೆ ಒಂದಿಷ್ಟು ಕಾಡೂ ಬರುತ್ತದೆ. ಈಗ ಕೆರೆಯ ದಡದ ಪುಟ್ಟ ನೀಲಿ ಮಿಂಚುಳ್ಳಿಯನ್ನು ನೋಡೋಣ. ಹಕ್ಕಿಯ ಉದ್ದ ಹದಿನಾರು, ಹದಿನೇಳು ಸೆಂಟಿಮೀಟರ್. ಹತ್ತು ಮೀಟರ್ ದೂರದಲ್ಲಿ ಕೂತರೆ 600 ಎಂಎಂನಲ್ಲೂ ಅದು ಚೌಕಟ್ಟಿನ ಕಾಲುಭಾಗವನ್ನು ಮಾತ್ರ ತುಂಬುತ್ತದೆ. 400 ಎಂಎಂ ಆದರೆ ಐದನೇ ಒಂದು ಪಾಲೂ ಇಲ್ಲ. ಸಣ್ಣ ಹಕ್ಕಿಗಳ ಹಿಂದೆ ಬಿದ್ದವರಿಗೆ ಎಷ್ಟು ಉದ್ದದ ಲೆನ್ಸ್ ಇದ್ದರೂ ಸಾಲದು ಎನ್ನುವುದು ಸುಮ್ಮನೆ ಅಲ್ಲ.

ಮೂರನೇ ಹೆಜ್ಜೆ: ಬೆಳಕು

ಪ್ರೈಮ್‌ಗೆ ಜನ ಲಕ್ಷಗಟ್ಟಲೆ ಸುರಿಯುವುದು ಈ ಕಾರಣಕ್ಕೆ. ಅಪರ್ಚರ್ ಸಂಖ್ಯೆ ಎಂದರೆ ಫೋಕಲ್ ಲೆಂಗ್ತ್ ಅನ್ನು ಲೆನ್ಸಿನ ಬೆಳಕಿನ ಬಾಯಿಯ ವ್ಯಾಸದಿಂದ ಭಾಗಿಸಿದ ಲೆಕ್ಕ. ಎಫ್/4, ಎಫ್/6.3 ಎಂದು ಬರೆಯುವುದು ಇದನ್ನೇ; ಸಂಖ್ಯೆ ಚಿಕ್ಕದಾದಷ್ಟೂ ಒಳಬರುವ ಬೆಳಕು ಹೆಚ್ಚು. 600 ಎಂಎಂ ಲೆನ್ಸ್ ಎಫ್/4 ಆಗಬೇಕಾದರೆ 150 ಮಿಲಿಮೀಟರ್ ಅಗಲದ ಬಾಯಿ ಬೇಕು, ಎಫ್/6.3ಕ್ಕೆ ಸುಮಾರು 95 ಸಾಕು. ಅಷ್ಟು ದೊಡ್ಡ ಗಾಜುಗಳನ್ನು ಉಜ್ಜಿ ಕೂಡಿಸುವುದರಿಂದಲೇ 600 ಎಫ್/4 ಲೆನ್ಸ್‌ಗಳ ಬೆಲೆ ಹತ್ತು ಲಕ್ಷ ದಾಟುತ್ತದೆ, ತೂಕ ಮೂರು ಕಿಲೊ ಮೀರುತ್ತದೆ.

ಇದರಿಂದ ಸಿಗುವ ಲಾಭ ಇಷ್ಟು. ಸಂಜೆ ಸಫಾರಿಯ ಕೊನೆಯ ಹೊತ್ತು, ಬಿದಿರುಮೆಳೆಯ ನೆರಳಿನಲ್ಲಿ ಚಿರತೆ. ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆಯ ಅಳತೆ) 3200ರಲ್ಲಿ ಎಫ್/4 ನಿಮಗೆ ಸೆಕೆಂಡಿನ 1/500 ಶಟರ್ ವೇಗ ಕೊಡುತ್ತಿದೆ ಎಂದಾದರೆ, ಎಫ್/6.3ರ ಜೂಮ್ ಕೊಡುವುದು 1/200. ಕೂತ ಚಿರತೆಗೆ 1/200 ಸಾಕು, ಲೆನ್ಸಿನೊಳಗಿನ ಕಂಪನ ನಿರೋಧಕವೂ ನೆರವಾಗುತ್ತದೆ. ಅದು ಎದ್ದು ನಡೆದರೆ ಸಾಲದು. ಅದೇ 1/500 ಬೇಕೆಂದರೆ ಐಎಸ್‌ಒ 8000ಕ್ಕೆ ಏರಿಸಬೇಕು. ಹತ್ತು ವರ್ಷದ ಹಿಂದೆ ಆ ಮಾತು ಕೇಳಿದರೆ ಮುಖ ಸಿಂಡರಿಸುತ್ತಿದ್ದರು. ಈಗಿನ ಕ್ಯಾಮೆರಾಗಳೂ ನಾಯ್ಸ್ (ಐಎಸ್‌ಒ ಏರಿಸಿದಾಗ ಚಿತ್ರದಲ್ಲಿ ಏಳುವ ಕಾಳುಕಾಳು) ತೆಗೆಯುವ ತಂತ್ರಾಂಶಗಳೂ ಸುಧಾರಿಸಿವೆ. ಐಎಸ್‌ಒ 8000ರ ಚಿತ್ರವನ್ನು ಗೋಡೆಗೆ ತೂಗುಹಾಕುವಷ್ಟು ಹಸನಾಗಿಸಬಹುದು. ಬೆಳಕಿಗಾಗಿಯೇ ಎಫ್/4 ಕೊಳ್ಳಬೇಕು ಎಂಬ ವಾದದ ತೂಕ ಅಷ್ಟರಮಟ್ಟಿಗೆ ಇಳಿದಿದೆ ಎಂದೇ ನನ್ನ ಅನಿಸಿಕೆ.

ಯಾವ ತಂತ್ರಾಂಶವೂ ಸರಿಗಟ್ಟದ ಸಂಗತಿ ಹಿನ್ನೆಲೆ. ಬಂಡೀಪುರದ ಲಂಟಾನ ಪೊದೆಯ ಮುಂದೆ ನಿಂತ ಜಿಂಕೆಯನ್ನು ಎಫ್/6.3ರಲ್ಲಿ ತೆಗೆದರೆ ಒಂದೊಂದು ಕಡ್ಡಿಯೂ ಕಣ್ಣಿಗೆ ಚುಚ್ಚುತ್ತದೆ. ಎಫ್/4ರಲ್ಲಿ ಪೊದೆ ಕರಗಿ ಬರೀ ಹಸಿರಾಗುತ್ತದೆ. ಇದಕ್ಕೂ ಬೆಲೆ ತೆರಬೇಕು. ಹತ್ತು ಮೀಟರ್ ದೂರದಲ್ಲಿ 600 ಎಫ್/4ರಲ್ಲಿ ಸ್ಪಷ್ಟವಾಗಿ ಬರುವ ಪದರ ಆರೇಳು ಸೆಂಟಿಮೀಟರ್ ಅಷ್ಟೇ. ಹಕ್ಕಿಯ ಕಣ್ಣಿನ ಮೇಲೆ ಫೋಕಸ್ ಕೂತರೆ ಬಾಲ ಮಸುಕು.

ಜೂಮ್ ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಎರಡು ಅಪರ್ಚರ್ ಸಂಖ್ಯೆಗಳಲ್ಲಿ ಎರಡನೆಯದನ್ನೇ ನೋಡಿ. ಕ್ಯಾನನ್‌ನ ಆರ್‌ಎಫ್ 100–500ರ ಮೇಲೆ 4.5–7.1 ಎಂದಿದೆ. ನೀವು ಹೆಚ್ಚು ಬಳಸುವ 500ರ ತುದಿಯಲ್ಲಿ ಸಿಗುವುದು 7.1. ಟೆಲಿಕನ್ವರ್ಟರ್ (ಲೆನ್ಸಿಗೂ ಕ್ಯಾಮೆರಾಗೂ ನಡುವೆ ಕೂರಿಸಿ ಫೋಕಲ್ ಲೆಂಗ್ತ್ ಹೆಚ್ಚಿಸುವ ಸಾಧನ) ಹಾಕಿಕೊಂಡರಾಯಿತು ಎನ್ನುವವರಿಗೂ ಒಂದು ಮಾತು: 1.4 ಪಟ್ಟಿನದು ಒಂದು ಸ್ಟಾಪ್, ಅಂದರೆ ಅರ್ಧದಷ್ಟು, ಬೆಳಕು ನುಂಗುತ್ತದೆ, 2 ಪಟ್ಟಿನದು ಎರಡು ಸ್ಟಾಪ್. 6.3ರ ಜೂಮ್‌ಗೆ 1.4 ಸೇರಿಸಿದರೆ ಎಫ್/9 ಆಗುತ್ತದೆ. ಮಿರರ್‌ಲೆಸ್ ಕ್ಯಾಮೆರಾಗಳು ಅಲ್ಲೂ ಫೋಕಸ್ ಹಿಡಿಯುತ್ತವೆ. ಒಳಗೆ ಕನ್ನಡಿ ಇರುವ ಹಳೆಯ ಡಿಎಸ್‌ಎಲ್‌ಆರ್‌ಗಳು ಎಫ್/8 ದಾಟಿದರೆ ಕೈಚೆಲ್ಲುತ್ತವೆ. ಕನ್ವರ್ಟರ್ ಒಪ್ಪುವುದು ಎಫ್/4 ಪ್ರೈಮ್‌ಗೆ. ಜೂಮ್‌ಗಾಗಿ ಅದಕ್ಕೆ ದುಡ್ಡು ಹಾಕಬೇಡಿ.

ನಾಲ್ಕನೇ ಹೆಜ್ಜೆ: ಹೊರುವ ತೂಕ, ಹತ್ತಿರದ ಫೋಕಸ್

ಪ್ರೈಮ್ ಎಂದರೆ ಭಾರ ಎಂಬ ನಂಬಿಕೆ ಈಗ ಅರ್ಧ ಮಾತ್ರ ನಿಜ. ನಿಕಾನ್ 2023ರಲ್ಲಿ ತಂದ ಜೆಡ್ 600 ಎಫ್/6.3 ಪ್ರೈಮ್ ಕಾಲರ್ (ಟ್ರೈಪಾಡ್‌ಗೆ ಕೂರಿಸುವ ಪಟ್ಟಿ) ಸೇರಿ ಒಂದೂವರೆ ಕಿಲೊದೊಳಗೇ ಇದೆ. ಅದೇ ವರ್ಷ ಬಂದ ಅದೇ ಸಂಸ್ಥೆಯ 180–600 ಜೂಮ್ ಕಾಲರ್ ಇಲ್ಲದೆಯೇ 1955 ಗ್ರಾಂ. ಸೋನಿಯ 200–600 ಇನ್ನೂ ತುಸು ಭಾರ, 2115 ಗ್ರಾಂ. ಕೆರೆ ದಂಡೆಯಲ್ಲಿ ಗಂಟೆಗಟ್ಟಲೆ ನಡೆದು ಹಾರುವ ಹಕ್ಕಿಗಳನ್ನು ಕೈಯಲ್ಲೇ ಹಿಡಿದು ತೆಗೆಯುವವರಿಗೆ ಆ ಅರ್ಧ ಕಿಲೊ ವ್ಯತ್ಯಾಸ ಸಂಜೆಯ ಹೊತ್ತಿಗೆ ಭುಜದಲ್ಲಿ ಗೊತ್ತಾಗುತ್ತದೆ. ಆ ಪ್ರೈಮ್‌ನ ಬೆಲೆ ಮಾತ್ರ ಜೂಮ್‌ನ ಎರಡು ಪಟ್ಟಿಗೂ ಮೇಲೆ.

ಅಗ್ಗದ ಹಗುರ ಪ್ರೈಮ್‌ಗಳೂ ಇವೆ. ಕ್ಯಾನನ್‌ನ ಆರ್‌ಎಫ್ 600 ಎಫ್/11ರ ತೂಕ 930 ಗ್ರಾಂ. ಎಫ್/11 ಎಂದರೆ ಎಫ್/5.6ರ ಕಾಲುಭಾಗ ಬೆಳಕು. ಬಿಸಿಲಿರುವ ಕೆರೆಗೆ ಚೆನ್ನ, ಮಲೆನಾಡಿನ ಕಾಡಿಗೆ ಬೇಡ.

ಗಣೇಶಗುಡಿಯಂಥ ಕಡೆ ಹಕ್ಕಿಗಳು ನೀರಿನ ಕೊಳಗಳಿಗೆ ಮಿಂದುಹೋಗಲು ಬರುತ್ತವೆ. ನೀವು ಕೆಲವೇ ಮೀಟರ್ ದೂರದಲ್ಲಿ ಕೂತಿರುತ್ತೀರಿ. ಅಲ್ಲಿ ಕೈಕೊಡುವುದು ಫೋಕಸ್ ಆಗುವ ಕನಿಷ್ಠ ದೂರ. ಸೋನಿಯ 600 ಎಫ್/4 ಪ್ರೈಮ್ 4.5 ಮೀಟರ್‌ಗಿಂತ ಹತ್ತಿರ ಫೋಕಸ್ ಮಾಡುವುದಿಲ್ಲ; ಅದೇ ಸಂಸ್ಥೆಯ 200–600 ಜೂಮ್ 2.4 ಮೀಟರ್‌ವರೆಗೂ ಮಾಡುತ್ತದೆ. ಹತ್ತು ಲಕ್ಷದ ಲೆನ್ಸ್ ಇಟ್ಟುಕೊಂಡವರು ಕುರ್ಚಿ ಹಿಂದಕ್ಕೆ ಎಳೆದುಕೊಳ್ಳುತ್ತಾರೆ, ಪಕ್ಕದ ಜೂಮ್‌ನವರು ಆರಾಮಾಗಿ ಕ್ಲಿಕ್ಕಿಸುತ್ತಿರುತ್ತಾರೆ.

ಐದನೇ ಹೆಜ್ಜೆ: ನಿಮ್ಮ ಫೋಟೊಗಳನ್ನೇ ಕೇಳಿ

ನೀವು ಉಳಿಸಿಕೊಂಡಿರುವ ಒಳ್ಳೆಯ ಚಿತ್ರಗಳನ್ನು ಮಾತ್ರ ಒಂದೆಡೆ ಹಾಕಿ. ಪ್ರತಿ ಕಡತದ ವಿವರಗಳಲ್ಲಿ ಫೋಕಲ್ ಲೆಂಗ್ತ್ ಇರುತ್ತದೆ. ಲೈಟ್‌ರೂಮ್ ತಂತ್ರಾಂಶ ಬಳಸುವವರು ಅದರ ಪ್ರಕಾರವೇ ವಿಂಗಡಿಸಬಹುದು. 300ರ ಒಳಗಿನವು, 300ರಿಂದ 500, ಅದಕ್ಕಿಂತ ಮೇಲಿನವು ಎಂದು ಮೂರು ಸಾಲು ಮಾಡಿ ಎಣಿಸಿ. ಮೂರರಲ್ಲೂ ಹರಡಿದ್ದರೆ ನೀವು ಜೂಮ್‌ನವರು. ಪ್ರೈಮ್ ಕೊಂಡರೆ ನಿಮ್ಮ ಮೂರನೇ ಎರಡರಷ್ಟು ಚಿತ್ರಗಳು ಕೈಬಿಟ್ಟುಹೋಗುತ್ತವೆ. ಬಹುಪಾಲು ಕೊನೆಯ ಸಾಲಿನಲ್ಲೇ ಇದ್ದು, ಅವನ್ನೂ ಕತ್ತರಿಸಿಯೇ ಬಳಸಿದ್ದರೆ ಪ್ರೈಮ್ ಬಗ್ಗೆ ಯೋಚಿಸಿ.

ಈಗ ಇರುವುದು 70–300 ಒಂದೇ ಆದರೆ ಎಲ್ಲವೂ 300ರಲ್ಲೇ ಇರುತ್ತವೆ. ಆಗ ಎಷ್ಟು ಕತ್ತರಿಸಿದ್ದೀರಿ ಎಂದು ನೋಡಿ. 24 ಮೆಗಾಪಿಕ್ಸೆಲ್‌ನ ಚಿತ್ರ ಕತ್ತರಿಸಿದ ಮೇಲೆ 6 ಉಳಿದಿದ್ದರೆ ನಿಮಗೆ ಬೇಕಾಗಿದ್ದದ್ದು 600 ಎಂಎಂ.

ಮೊದಲ ಉದ್ದದ ಲೆನ್ಸ್ ಕೊಳ್ಳುವವರಿಗೆ ಈ ಲೆಕ್ಕವೆಲ್ಲ ಮಾಡುವ ಮೊದಲೇ ನಾನು ಜೂಮ್ ಎನ್ನುತ್ತೇನೆ. ಜೂಮ್‌ನಲ್ಲಿ ಅಗಲವಾಗಿ ನೋಡಿ ಹಕ್ಕಿಯನ್ನು ಹುಡುಕಿ ನಂತರ ಹತ್ತಿರಕ್ಕೆ ಎಳೆದುಕೊಳ್ಳಬಹುದು. 600ರ ಪ್ರೈಮ್ ಕಣ್ಣಿಗೆ ಹಚ್ಚಿ ಹಾರುವ ಹಕ್ಕಿಯನ್ನು ಹುಡುಕುವುದು ಹೊಸಬರಿಗೆ ಕಷ್ಟ. ಬರೀ ಆಕಾಶ ಕಾಣುತ್ತದೆ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಮೇಲೆ ತೇಲುವ ಹೆಜ್ಜಾರ್ಲೆಗಳು, ಊರ ಮೇಲೆ ಸುತ್ತುವ ಹದ್ದುಗಳು ಇದರ ಅಭ್ಯಾಸಕ್ಕೆ ಒಳ್ಳೆಯ ಗುರುಗಳು.

ಆರನೇ ಹೆಜ್ಜೆ: ಬಾಡಿಗೆ, ಆಮೇಲೆ ಖರೀದಿ

ಬೆಂಗಳೂರಿನಲ್ಲಿ ದಿನದ ಲೆಕ್ಕಕ್ಕೆ ಲೆನ್ಸ್ ಬಾಡಿಗೆ ಕೊಡುವ ಅಂಗಡಿಗಳು ಹಲವು ಇವೆ. ಕೊಳ್ಳಬೇಕೆಂದಿರುವ ಲೆನ್ಸನ್ನು ಒಂದು ವಾರಾಂತ್ಯ ತಂದು, ನೀವು ದಿನವೂ ಹೋಗುವ ಕೆರೆಗೇ ಒಯ್ಯಿರಿ. ಸಫಾರಿಗೆ ಒಯ್ಯುವುದಾದರೆ ಲೆನ್ಸಿಗೆ ಆಸರೆಯಾಗುವ ಒಂದು ಬೀನ್ ಬ್ಯಾಗ್ ಇಟ್ಟುಕೊಳ್ಳಿ. ಜೀಪಿನ ಕಂಬಿಯ ಮೇಲೆ ಟ್ರೈಪಾಡ್‌ಗಿಂತ ಅದೇ ವಾಸಿ. ಖಾಲಿ ಚೀಲ ಒಯ್ದು ಅಲ್ಲೇ ಅಕ್ಕಿ ತುಂಬಿಸಿಕೊಂಡರೆ ಹೊರುವ ಭಾರವೂ ಇಲ್ಲ. ಸರ್ಕಾರಿ ಸಂಸ್ಥೆ ಜಂಗಲ್ ಲಾಡ್ಜಸ್‌ನ ಸಫಾರಿಗಳಲ್ಲಿ ಲೆನ್ಸ್ ಉದ್ದವಾದಷ್ಟೂ ಕ್ಯಾಮೆರಾ ಶುಲ್ಕ ಏರುತ್ತದೆ, ಕಾಯ್ದಿರಿಸುವಾಗಲೇ ಕೇಳಿಕೊಳ್ಳಿ.

ಸೆಕೆಂಡ್‌ಹ್ಯಾಂಡ್ ಪೇಟೆಯಲ್ಲಿ ಡಿಎಸ್‌ಎಲ್‌ಆರ್ ಕಾಲದ ಒಳ್ಳೆಯ ಲೆನ್ಸ್‌ಗಳು ಕಡಿಮೆ ಬೆಲೆಗೆ ಸಿಗುತ್ತವೆ. ನಿಕಾನ್ 200–500 ಎಫ್/5.6, ಸಿಗ್ಮಾ ಮತ್ತು ಟ್ಯಾಮ್ರಾನ್‌ಗಳ 150–600, ಹಕ್ಕಿ ಪ್ರಿಯರು ಬಹುಕಾಲ ನೆಚ್ಚಿದ್ದ ಕ್ಯಾನನ್ 400 ಎಫ್/5.6 ಪ್ರೈಮ್ ಇವೆಲ್ಲ ನೋಡಬಹುದಾದವು. ಆ ಕೊನೆಯದರಲ್ಲಿ ಕಂಪನ ನಿರೋಧಕ ಇಲ್ಲ, ನೆನಪಿರಲಿ. ಕೊಳ್ಳುವ ಮೊದಲು ಎರಡೂ ಕಡೆಯ ಮುಚ್ಚಳ ತೆಗೆದು, ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಗಾಜಿನ ಅಂಚಿನಲ್ಲಿ ಜೇಡರ ಬಲೆಯಂಥ ಬಿಳಿ ಎಳೆಗಳು ಕಂಡರೆ ಅದು ಫಂಗಸ್. ಎಷ್ಟೇ ಅಗ್ಗವಾದರೂ ಬೇಡ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲ ಕಳೆದ ಲೆನ್ಸ್‌ಗಳನ್ನು ಇನ್ನೂ ಹುಷಾರಾಗಿ ನೋಡಬೇಕು. ಜೂಮ್ ಆದರೆ ಉಂಗುರವನ್ನು ಈ ತುದಿಯಿಂದ ಆ ತುದಿಗೆ ನಿಧಾನ ತಿರುಗಿಸಿ. ಎಲ್ಲಾದರೂ ಕಿರುಗುಟ್ಟಿದರೆ ಒಳಗೆ ಮಣ್ಣು ಸೇರಿರಬಹುದು. ಕಾಲರ್, ಹುಡ್ ಜೊತೆಗೇ ಕೊಡುತ್ತಾರೋ ಕೇಳಿ, ಬೇರೆಯಾಗಿ ಕೊಂಡರೆ ದುಬಾರಿ. ರಸೀದಿಯಲ್ಲಿ ಲೆನ್ಸಿನ ಸೀರಿಯಲ್ ಸಂಖ್ಯೆ ಬರೆಸಿಕೊಳ್ಳಿ. ಮುಂದೆ ವಿಮೆ ಮಾಡಿಸುವಾಗಲೂ ಮಾರುವಾಗಲೂ ಅದು ಬೇಕಾಗುತ್ತದೆ.