ಗಿಡ ತರುವ ಮುನ್ನ ಹಿತ್ತಲ ನೀರು ನೋಡಿ

ಕಾರವಾರದ ಕಡೆ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಡಿಸೆಂಬರ್ ಬಂತೆಂದರೆ ಮೇವರೆಗೆ ಹನಿ ಬಿದ್ದರೆ ಪುಣ್ಯ. ಇಲ್ಲಿ ನೆಟ್ಟ ಗಿಡ ನಾಲ್ಕು ತಿಂಗಳು ಬೇರು ಕೊಳೆಯದೆ, ಮುಂದೆ ಐದಾರು ತಿಂಗಳು ಒಣಗದೆ ಉಳಿಯಬೇಕು. ಸಮುದ್ರದ ದಡದ ಮನೆಯಾದರೆ ಉಪ್ಪುಗಾಳಿ ಬೇರೆ. ನರ್ಸರಿಯವರು ಗಿಡಕ್ಕೆ ಕಟ್ಟಿದ ಹಣ್ಣಿನ ಚಿತ್ರದಲ್ಲಿ ಇದ್ಯಾವುದೂ ಇರುವುದಿಲ್ಲ.

ಜುಲೈನಲ್ಲಿ ಒಮ್ಮೆ, ಮೇನಲ್ಲಿ ಒಮ್ಮೆ

ಜೋರು ಮಳೆ ಹೊಳವಾದ ಮರುದಿನ ಹಿತ್ತಲಲ್ಲಿ ಓಡಾಡಿ, ಎಲ್ಲೆಲ್ಲಿ ಇನ್ನೂ ನೀರು ನಿಂತಿದೆಯೋ ಅಲ್ಲಿ ಗೂಟ ಹೊಡೆಯಿರಿ. ಮಳೆ ಮುಗಿದ ಮೇಲೆ, ನೆಡಬೇಕೆಂದಿರುವ ಜಾಗದಲ್ಲಿ ಒಂದಡಿ ಅಗಲ, ಒಂದೂವರೆ ಅಡಿ ಆಳದ ಗುಂಡಿ ತೋಡಿ ನೀರು ತುಂಬಿ. ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿ. ಎರಡನೇ ಸಲದ ನೀರು ಬೆಳಗಿನವರೆಗೂ ಹಾಗೇ ಉಳಿದರೆ ಅದು ಮಾವು, ಹಲಸು, ಬೆಣ್ಣೆಹಣ್ಣಿನ ಜಾಗವಲ್ಲ. ಪಪ್ಪಾಯಿಯಂತೂ ಬುಡದಲ್ಲಿ ಒಂದೆರಡು ದಿನ ನೀರು ನಿಂತರೆ ಸಾಕು, ಕುಸಿಯುತ್ತದೆ. ಅಂಥಲ್ಲಿ ಜಂಬುನೇರಳೆ ನೆಡಿ. ಮಾವೇ ಬೇಕೆಂದರೆ ಒಂದೂವರೆ ಅಡಿ ಎತ್ತರ, ಐದಡಿ ಅಗಲದ ದಿಬ್ಬ ಮಾಡಿ ಅದರ ಮೇಲೆ ನೆಡಬೇಕು.

ಮೇ ತಿಂಗಳಲ್ಲಿ ಬಾವಿನೀರು ಕುಡಿದು ನೋಡಿ. ಸಪ್ಪೆಯಾಗಿದ್ದರೆ ಚಿಂತೆಯಿಲ್ಲ. ಉಪ್ಪೆನಿಸಿದರೆ ನಿಂಬೆ ಜಾತಿಯನ್ನೂ ಬೆಣ್ಣೆಹಣ್ಣನ್ನೂ ಪಟ್ಟಿಯಿಂದ ತೆಗೆಯಿರಿ. ಎಲೆಯ ತುದಿ ಸುಟ್ಟಂತಾಗಿ ಉದುರುವುದಕ್ಕೆ ಗೊಬ್ಬರದ ಕೊರತೆ ಎಂದುಕೊಂಡು ಇನ್ನಷ್ಟು ರಸಗೊಬ್ಬರ ಹಾಕುವವರಿದ್ದಾರೆ. ಅದೂ ಒಂದು ಬಗೆಯ ಉಪ್ಪೇ. ಇಂಥ ನೀರಿಗೆ ತೆಂಗು, ಚಿಕ್ಕು ಜಗ್ಗುವುದಿಲ್ಲ.

ದಡಕ್ಕೊಂದು, ಘಟ್ಟಕ್ಕೊಂದು

ಸಮುದ್ರದ ಕಡೆಯ ಅಂಚಿಗೆ ಹಣ್ಣಿನ ಗಿಡ ಬೇಡ. ಮೊದಲ ಸಾಲಿನಲ್ಲಿ ಸುರಹೊನ್ನೆ, ತೆಂಗು ಗಾಳಿಗೆ ಎದೆ ಕೊಡಲಿ. ಅದರ ಹಿಂದೆ ಚಿಕ್ಕು, ಗೇರು. ಚಿಕ್ಕುವಿನಲ್ಲಿ ಕಾಲಿಪತ್ತಿ ತಳಿ ನಂಬಬಹುದಾದದ್ದು. ಮನೆಯ ಮರೆಗೆ ಮಾವು. ಅಂಕೋಲೆಯ ಕರಿ ಇಶಾಡು ಈ ಗಾಳಿಯಲ್ಲೇ ಬೆಳೆದುಬಂದ ತಳಿ, 2023ರಲ್ಲಿ ಭೌಗೋಳಿಕ ಗುರುತನ್ನೂ ಪಡೆದಿದೆ. ಸಿಪ್ಪೆ ತೆಳು, ಹಣ್ಣು ಹೆಚ್ಚು ದಿನ ತಾಳದು ಎಂಬ ದೂರು ವ್ಯಾಪಾರಿಯದು. ಮನೆಯಲ್ಲಿ ತಿನ್ನುವವರಿಗೆ ಅದೇನು ಲೆಕ್ಕ?

ಒಂದೇ ಗಿಡಕ್ಕೆ ಜಾಗವಿದ್ದರೆ ನಮ್ಮ ಆಯ್ಕೆ ಮುರುಗಲು, ಅಂದರೆ ಕೋಕಂ. ಕರಾವಳಿಗೂ ಆದೀತು, ಶಿರಸಿಗೂ ಆದೀತು. ಅರೆನೆರಳು ಒಗ್ಗುತ್ತದೆ, ಬೇರೂರಿದ ಮೇಲೆ ಬೇಸಿಗೆಯಲ್ಲಿ ನೀರು ಕೇಳುವುದಿಲ್ಲ. ಆದರೆ ಇದರಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದಿಂದೆದ್ದ ಸಸಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಗಂಡು. ಏಳೆಂಟು ವರ್ಷ ಸಾಕಿದ ಮೇಲೆ ಅದು ಗೊತ್ತಾದರೆ ಕಡಿಯಲೂ ಮನಸ್ಸಾಗದು, ಕಾಯಿಯೂ ಸಿಗದು. ಹೆಣ್ಣು ಮರದ ಕುಡಿಯಿಂದ ಕಟ್ಟಿದ ಕಸಿ ಗಿಡವನ್ನೇ ತನ್ನಿ. ಆ ಕುಡಿ ನೆಟ್ಟಗೆ ಏರುವ ಚಿಗುರಿನದೋ ಅಡ್ಡ ಕೊಂಬೆಯದೋ ಎಂದೂ ಕೇಳಿ: ಅಡ್ಡ ಕೊಂಬೆಯದಾದರೆ ಗಿಡ ಮೇಲೇರದೆ ನೆಲದ ಮೇಲೇ ಹರಡುತ್ತದೆ.

ಘಟ್ಟದ ಮೇಲೆ ಶಿರಸಿ, ಸಿದ್ದಾಪುರದಲ್ಲಿ ಉಪ್ಪಿನ ಕಾಟವಿಲ್ಲ, ಇಬ್ಬನಿಯ ಕಾಟವಿದೆ. ಮಾವಿನ ಹೂವಿಗೆ ಬೂದಿರೋಗ, ಜಿಗಿಹುಳು ಬೇಗ ಬೀಳುತ್ತವೆ. ಅಲ್ಲಿ ಆಪೂಸಿಗೆ ಹಟ ಹಿಡಿಯುವ ಬದಲು ಉಪ್ಪಿನಕಾಯಿ ಮಾವು ಅಪ್ಪೆಮಿಡಿಯ ಕಸಿ ಗಿಡ ನೆಡಿ. ಹೊಳೆಯಂಚಿನ ಜಾತಿ, ತೇವ ಅದಕ್ಕೆ ಹೊಸದಲ್ಲ. ನೀರು ಬಸಿಯುವ ಇಳಿಜಾರಿದ್ದರೆ ಬೆಣ್ಣೆಹಣ್ಣು, ರಂಬುಟಾನ್ ಬರುತ್ತವೆ. ಸಣ್ಣ ನಿಂಬೆಗೆ ಮಳೆಗಾಲದಲ್ಲಿ ಕಜ್ಜಿರೋಗ ತಪ್ಪಿದ್ದಲ್ಲ, ಕಂಚಿ ಅಥವಾ ಚಕ್ಕೋತ ಇಡಿ. ದಾಳಿಂಬೆ, ದ್ರಾಕ್ಷಿ ಬಯಲುಸೀಮೆಗಿರಲಿ.

ಗುಂಡಿ ಬಾನಿಯಾಗದಿರಲಿ

ಚಿರೆಕಲ್ಲಿನ ನೆಲದಲ್ಲಿ ಮೂರಡಿ ಉದ್ದ, ಅಗಲ, ಆಳದ ಗುಂಡಿ ಬೇಕು. ಇಲ್ಲೇ ಹೆಚ್ಚಿನವರು ಎಡವುವುದು. ಕಲ್ಲಿನ ಪದರದಲ್ಲಿ ಚೊಕ್ಕವಾಗಿ ಕಡಿದ ಗುಂಡಿಗೂ ನೀರಿನ ಬಾನಿಗೂ ವ್ಯತ್ಯಾಸವಿಲ್ಲ. ಮೊದಲ ಮಳೆಗಾಲದಲ್ಲೇ ಗಿಡ ಅದರಲ್ಲಿ ಮುಳುಗುತ್ತದೆ. ತಳವನ್ನು ಹಾರೆಯಿಂದ ಒಡೆದು ಸಡಿಲ ಮಾಡಿ, ಇಳಿಜಾರಿನ ಕಡೆಗೆ ನೀರು ಹೋಗಲು ಕಂಡಿ ಕಡಿಯಿರಿ. ತೆಂಗಿನ ಗುಂಡಿಯಾದರೆ ನೆಡುವ ಆರು ತಿಂಗಳ ಮೊದಲೇ ತಳಕ್ಕೆ 2 ಕಿಲೋ ಉಪ್ಪು ಹಾಕುವ ಕ್ರಮವಿದೆ. ಆ ಉಪ್ಪು ಗಿಡಕ್ಕಲ್ಲ, ಕಲ್ಲು ಮೆದುವಾಗಲಿ ಎಂದು.

ಹೊಯ್ಗೆ ನೆಲದಲ್ಲಿ ತೊಂದರೆ ತಿರುಗಾಮುರುಗ, ನೀರು ನಿಲ್ಲುವುದೇ ಇಲ್ಲ. ಗುಂಡಿಯ ತಳದಲ್ಲಿ ಎರಡು ಪದರ ತೆಂಗಿನಕಾಯಿ ಸಿಪ್ಪೆಯನ್ನು ಒಳಮೈ ಮೇಲಾಗಿ ಜೋಡಿಸಿ.

ನಮ್ಮ ಮಣ್ಣು ಹುಳಿ. ಮೇಲ್ಮಣ್ಣಿಗೆ ಅರ್ಧ ಕಿಲೋ ಕೃಷಿ ಸುಣ್ಣ ಬೆರೆಸಿ, ಎರಡು ಮೂರು ವಾರ ಬಿಟ್ಟು ಎರಡು ಬುಟ್ಟಿ ಹಳೆಯ ಹಟ್ಟಿಗೊಬ್ಬರ ಸೇರಿಸಿ. ಎರಡನ್ನೂ ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ.

ನೆಡುವಾಗ

ನೀರು ಬಸಿಯುವ ಜಾಗದಲ್ಲಿ ಜೂನ್ ಮೊದಲ ಮಳೆಗೆ, ತಗ್ಗಿನಲ್ಲಿ ಸೆಪ್ಟೆಂಬರಿಗೆ ನೆಡಿ. ಮಾವಿಗೆ 25ರಿಂದ 30 ಅಡಿ, ತೆಂಗಿಗೆ 25, ಮುರುಗಲಿಗೆ 20 ಅಡಿ ಅಂತರ. ಚೀಲದ ತಳದಲ್ಲಿ ಬೇರು ಸುರುಳಿ ಸುತ್ತಿದ್ದರೆ ಅಂಥ ಗಿಡ ಕೊಳ್ಳಬೇಡಿ. ಕಸಿಯ ಗಂಟು ಮಣ್ಣಿನಿಂದ ನಾಲ್ಕಾರು ಬೆರಳು ಮೇಲಿರಲಿ, ಅದರ ಪ್ಲಾಸ್ಟಿಕ್ ಪಟ್ಟಿ ಬಿಚ್ಚಿ. ಬುಡದ ಮಣ್ಣು ಸುತ್ತಲಿನ ನೆಲಕ್ಕಿಂತ ಎತ್ತರವಿರಬೇಕು. ಗಂಟಿನ ಕೆಳಗಿನ ಚಿಗುರನ್ನು ಕಂಡಾಗಲೆಲ್ಲ ಮುರಿಯಿರಿ. ಬಿಟ್ಟರೆ ಚಿಕ್ಕುವಿನ ಹೆಸರಿನಲ್ಲಿ ಕಾಡುಗಿಡವನ್ನು ಸಾಕಿದಂತಾಗುತ್ತದೆ.

ನವೆಂಬರಿನಲ್ಲಿ ಬುಡಕ್ಕೆ ದಪ್ಪನೆ ದರಕು (ಒಣ ಎಲೆ) ಹೊದಿಸಿ, ಕಾಂಡದಿಂದ ಒಂದು ಗೇಣು ಬಿಟ್ಟು. ತಾಗಿದರೆ ಗೆದ್ದಲು ಹತ್ತುತ್ತದೆ. ಮೊದಲ ಎರಡು ಬೇಸಿಗೆ ವಾರಕ್ಕೆರಡು ಸಲ ಒಂದು ಕೊಡದಷ್ಟು ನೀರು, ಪಡುವಣ ಬಿಸಿಲಿಗೆ ತೆಂಗಿನ ಗರಿಯ ಮರೆ. ಕಸಿ ಗಿಡ ಮರುವರ್ಷವೇ ಹೂ ಬಿಟ್ಟೀತು. ಮೊದಲ ಮೂರು ವರ್ಷ ಹೂವನ್ನೆಲ್ಲ ಚಿವುಟಿ ಹಾಕಿ.